270 ಜಿಬಿ ಯಕ್ಷಗಾನ ವಿಡಿಯೋ ಬೆಂಗಳೂರಿಗೆ ಕಳಿಸಬೇಕು, ದಾರಿ ಹೇಳಿ

ಘಟ್ಟದಮೇಲಿನವ
ಎಲ್ಲರಿಗೂ ನಮಸ್ಕಾರ. ನಮ್ಮೂರು ಸಿದ್ದಾಪುರದ ಹತ್ತಿರ, ಉತ್ತರ ಕನ್ನಡ ಜಿಲ್ಲೆ. ದೇವಸ್ಥಾನದ ಎದುರು ಯಕ್ಷಗಾನದ ಕಾಲಮಿತಿ ಆಟ ಇತ್ತು. ಎರಡು ಕ್ಯಾಮೆರಾ ಇಟ್ಟು ಮೂರು ತಾಸೂ 4ಕೆಯಲ್ಲಿ ರೆಕಾರ್ಡ್ ಮಾಡಿದ್ದೇವೆ. ಒಟ್ಟು 270 ಜಿಬಿ ಆಗಿದೆ. ಎಡಿಟ್ ಮಾಡೋರು ಬೆಂಗಳೂರಲ್ಲಿದ್ದಾರೆ. ಅವರಿಗೆ ಕಳಿಸೋದು ಹೇಗೆ? ಜಿಮೇಲ್‌ನಲ್ಲಿ ಹೋಗಲ್ಲ ಅಂತ ಗೊತ್ತು, ನಗಬೇಡಿ. ಮನೆಯಲ್ಲಿ ಫೈಬರ್ ಇದೆ, 100 ಎಂಬಿ ಪ್ಲ್ಯಾನ್. ಇಷ್ಟು ದೊಡ್ಡದಕ್ಕೆ ಒಳ್ಳೆ ಸೈಟ್ ಯಾವುದು? ಪುಕ್ಕಟೆ ಆದ್ರೆ ಇನ್ನೂ ಒಳ್ಳೇದು.

ಪುಕ್ಕಟೆಪ್ರಿಯ
ಟೆಲಿಗ್ರಾಂ ಇರೋವಾಗ ಚಿಂತೆ ಯಾಕೆ ಗುರು? ಒಂದೊಂದು ಫೈಲ್ 2 ಜಿಬಿ ತನಕ ಪುಕ್ಕಟೆ. ಎಷ್ಟು ಫೈಲ್ ಬೇಕಾದ್ರೂ ಹಾಕಬಹುದು. 7-ಜಿಪ್‌ನಲ್ಲಿ 2 ಜಿಬಿ ತುಂಡು ಮಾಡಿ ಒಂದೊಂದಾಗಿ ತಳ್ಳಿ. ಎಡಿಟರ್ ಆ ಕಡೆ ಜೋಡಿಸಿಕೊಳ್ತಾರೆ.

ಹಳೇಸರ್ವರ್
135 ತುಂಡು ಆಗತ್ತೆ. ಅದರಲ್ಲಿ 87ನೇದು ಬರಲಿಲ್ಲ ಅಂದ್ರೆ ಉಳಿದ 134 ಇದ್ದೂ ಇಲ್ಲದ ಹಾಗೆ. ಬೆಂಗಳೂರಲ್ಲಿ ಕೂತು ಒಂದೊಂದೇ ಡೌನ್‌ಲೋಡ್ ಒತ್ತೋ ಎಡಿಟರ್ ಪಾಡು ಬೇರೆ.

ಘಟ್ಟದಮೇಲಿನವರೇ, ಸೈಟ್ ಯಾವುದು ಅಂತ ಕೇಳೋ ಮೊದಲು ಸ್ಪೀಡ್ ಟೆಸ್ಟ್ ಮಾಡಿ. ಡೌನ್‌ಲೋಡ್ ನೋಡಬೇಡಿ, ಅಪ್‌ಲೋಡ್ ಎಷ್ಟು ಬರ್ತಿದೆ ಹೇಳಿ. ವೈಫೈ ಬೇಡ, ರೂಟರಿಗೆ ಕೇಬಲ್ ಹಾಕಿ ನೋಡಿ.

ಘಟ್ಟದಮೇಲಿನವ
ಡೌನ್‌ಲೋಡ್ 94 ಬಂತು. ಅಪ್‌ಲೋಡ್ 20ರ ಆಸುಪಾಸು. ಸಂಜೆ ಹೊತ್ತು ಇನ್ನೂ ಕಮ್ಮಿ.

ಹಳೇಸರ್ವರ್
ಸರಿ, ಈಗ ಲೆಕ್ಕ ಹಾಕೋಣ. ಪ್ಲ್ಯಾನ್‌ನಲ್ಲಿ ಬರೆದಿರೋದು ಮೆಗಾಬಿಟ್. ಫೈಲ್ ಅಳೆಯೋದು ಬೈಟ್‌ನಲ್ಲಿ. 8 ಬಿಟ್ ಸೇರಿದ್ರೆ 1 ಬೈಟ್. ಅಂದ್ರೆ 20 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೋಗೋದು ಬರೀ 2.5 ಎಂಬಿ. 270 ಜಿಬಿಗೆ 1,08,000 ಸೆಕೆಂಡ್ ಬೇಕು. ಸರಿಯಾಗಿ 30 ತಾಸು. ಇದು ಒಂದು ಕ್ಷಣವೂ ನಿಲ್ಲದೆ ಓಡಿದರೆ. ಸಂಜೆ ಸ್ಪೀಡ್ ಇಳಿಯತ್ತೆ, ಕರೆಂಟ್ ಹೋಗತ್ತೆ, ಗಾಳಿಗೆ ಮರ ಬಿದ್ದು ಫೈಬರ್ ಕಡಿಯತ್ತೆ. ಎರಡು ದಿನ ಅಂತ ಇಟ್ಟುಕೊಳ್ಳಿ.

ಇದನ್ನು ಮೊದಲು ಹೇಳೋದು ಯಾಕೆ ಅಂದ್ರೆ, ಎಂಥಾ ಸೈಟ್ ತಂದರೂ ನಿಮ್ಮ ಮನೆಯಿಂದ ಆಚೆ ಹೋಗೋ ದಾರಿ ಅಷ್ಟೇ ಅಗಲ. "ಫಾಸ್ಟ್ ಅಪ್‌ಲೋಡ್" ಅಂತ ಜಾಹೀರಾತು ಹಾಕೋರು ಯಾರೂ ನಿಮ್ಮ 20ನ್ನು 40 ಮಾಡಲ್ಲ. ಸೈಟ್ ಆರಿಸುವಾಗ ನೋಡಬೇಕಾದ್ದು ಒಂದೇ: ನಡುವೆ ನಿಂತರೆ ನಿಂತಲ್ಲಿಂದ ಮುಂದುವರಿಯತ್ತಾ, ಇಲ್ಲಾ ಮೊದಲಿಂದ ಶುರುವಾ? ಬ್ರೌಸರ್‌ನಲ್ಲಿ ಎಳೆದು ಬಿಡೋ ಪುಟಗಳು ಎಷ್ಟೋ ಸಲ ಟ್ಯಾಬ್ ಮುಚ್ಚಿದ ಕೂಡಲೇ ಎಲ್ಲ ಮರೆತುಬಿಡ್ತವೆ. 2 ಜಿಬಿಗೆ ಅದು ತಲೆನೋವಲ್ಲ. 270ಕ್ಕೆ ಅಳು ಬರತ್ತೆ.

ಇನ್ನೊಂದು ಮಾತು. ಜಿಪ್ ಮಾಡಿದ್ರೆ ಸಣ್ಣದಾಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕ್ಯಾಮೆರಾ ಆಗಲೇ ವಿಡಿಯೋವನ್ನು ಹಿಂಡಿ ಇಟ್ಟಿರತ್ತೆ. ಜಿಪ್ ಮಾಡಿ ಉಳಿಯೋದು ಏನೂ ಇಲ್ಲ, ನಿಮ್ಮ ಲ್ಯಾಪ್‌ಟಾಪ್ ಬಿಸಿ ಆಗತ್ತೆ ಅಷ್ಟೇ. ಸಾವಿರಾರು ಸಣ್ಣ ಫೈಲ್ ಇದ್ದಾಗ ಒಂದೇ ಕಟ್ಟು ಮಾಡೋಕೆ, ಪಾಸ್‌ವರ್ಡ್ ಹಾಕೋಕೆ ಜಿಪ್ ಬೇಕು. ಇಲ್ಲಿ ಬೇಡ.

ಟುಲಿಪ್‌ಕನ್ನಡಿಗ
ನೆದರ್‌ಲ್ಯಾಂಡ್ಸ್‌ನಿಂದ ನಮಸ್ಕಾರ. ಇಲ್ಲಿ ಡಿಸೈನ್ ಕೆಲಸ ಮಾಡೋರ ಬಾಯಲ್ಲಿ ವೀಟ್ರಾನ್ಸ್‌ಫರ್ ಬಿಟ್ಟು ಬೇರೆ ಹೆಸರೇ ಬರ್ತಿರಲಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದದ್ದು. ಖಾತೆ ತೆರೆಯೋದು ಬೇಡ, ಫೈಲ್ ಹಾಕು, ಲಿಂಕ್ ತಗೋ. ಪುಕ್ಕಟೆಗೆ 2 ಜಿಬಿ ಅನ್ನೋದು ಬಹಳ ಕಾಲ ನಡೀತು. 2024ರಲ್ಲಿ ಇಟಲಿಯ ಕಂಪನಿಯೊಂದು ಕೊಂಡುಕೊಂಡಿತು. ಆಮೇಲೆ ಪುಕ್ಕಟೆಯ ನಿಯಮ ಬಿಗಿಯಾಯಿತು. 2025ರ ಜುಲೈನಲ್ಲಿ ಷರತ್ತುಗಳಲ್ಲಿ ಯಂತ್ರಕಲಿಕೆಯ (ಎಐಗೆ ಕಲಿಸೋದರ) ಮಾತು ಸೇರಿಸಿದರು. ಕಲಾವಿದರೆಲ್ಲ ಗಲಾಟೆ ಎಬ್ಬಿಸಿದ ಮೇಲೆ ತೆಗೆದರು.

ಭಾರತದಲ್ಲಿ 2020ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಈ ಸೈಟನ್ನೇ ಬ್ಲಾಕ್ ಮಾಡಿಸಿತ್ತು. ಲಾಕ್‌ಡೌನ್ ಸಮಯ, ಎಲ್ಲರೂ ಮನೆಯಿಂದ ಕೆಲಸ. ಬೆಂಗಳೂರಿನ ನಮ್ಮ ಟೀಮಿಗೆ ಕಳಿಸಿದ ಲಿಂಕ್ ಇದ್ದಕ್ಕಿದ್ದ ಹಾಗೆ ತೆರೀತಿರಲಿಲ್ಲ.

ಅದೇ ವರ್ಷ ಫೈರ್‌ಫಾಕ್ಸ್ ಸೆಂಡ್ ಕೂಡ ಹೋಯಿತು. ಎಷ್ಟು ಚೆನ್ನಾಗಿತ್ತು ಗೊತ್ತಾ? 2019ರ ಮಾರ್ಚ್‌ನಲ್ಲಿ ಬಂದದ್ದು, ಖಾತೆ ಇದ್ದರೆ 2.5 ಜಿಬಿ, ಫೈಲ್ ನಿಮ್ಮ ಬ್ರೌಸರ್‌ನಲ್ಲೇ ಗುಪ್ತಲಿಪಿಯಾಗಿ ಬದಲಾಗಿ ಹೋಗ್ತಿತ್ತು. ವೈರಸ್ ಹಂಚೋರು ಅದನ್ನೇ ಹಿಡಿದುಕೊಂಡರು. ಸೆಪ್ಟೆಂಬರ್ 2020ಕ್ಕೆ ಮುಚ್ಚಿದರು. ಯಾವುದೋ ಒಂದು ಪುಕ್ಕಟೆ ಸೈಟ್ ನಂಬಿಕೊಂಡು ಕೆಲಸದ ಕ್ರಮ ಕಟ್ಟಿಕೊಳ್ಳಬೇಡಿ ಅಂತ ಹೇಳೋಕೆ ಇಷ್ಟು ಬರೆದೆ.

ಪುಕ್ಕಟೆಪ್ರಿಯ
ಗೂಗಲ್ ಡ್ರೈವ್ 15 ಜಿಬಿ ಕೊಡತ್ತೆ. ಮನೆಯವರದ್ದೆಲ್ಲ ಖಾತೆ ಸೇರಿಸಿದ್ರೆ 😀

ಹಳೇಸರ್ವರ್
ಆ 15ರಲ್ಲೇ ಜಿಮೇಲ್, ಫೋಟೋ ಎಲ್ಲ ಸೇರಿದೆ. ತುಂಬಿದ ದಿನ ಅಮ್ಮನಿಗೆ ಮೇಲ್ ಬರೋದು ನಿಲ್ಲತ್ತೆ. ಬೈಸಿಕೊಳ್ಳೋಕೆ ತಯಾರಿದ್ದರೆ ಮಾಡಿ.

ಡ್ರೈವ್ ಬೇಕೇ ಬೇಕು ಅಂದ್ರೆ 2 ಟಿಬಿ ಪ್ಲ್ಯಾನ್ ಒಂದೇ ತಿಂಗಳಿಗೆ ತಗೊಂಡು, ಕೆಲಸ ಮುಗಿದ ಮೇಲೆ ಬಿಟ್ಟುಬಿಡಿ. ಮಾನದ ದಾರಿ. ಬ್ರೌಸರ್‌ನಲ್ಲಿ ಹಾಕಬೇಡಿ, ಅವರ ಡೆಸ್ಕ್‌ಟಾಪ್ ಆ್ಯಪ್ ಹಾಕಿಕೊಳ್ಳಿ. ಕಮಾಂಡ್ ಹೊಡೆಯೋಕೆ ಬರೋದಾದ್ರೆ ಆರ್‌ಕ್ಲೋನ್ ಅಂತ ಡ್ರೈವ್‌ನಂಥ ಕಡೆ ಫೈಲ್ ಕಳಿಸೋ ಪ್ರೋಗ್ರಾಂ ಇದೆ. ಎಡಿಟರಿಗೂ ಹೇಳಿ, ಇಡೀ ಫೋಲ್ಡರ್ ಒಟ್ಟಿಗೆ ಡೌನ್‌ಲೋಡ್ ಕೊಡಬಾರದು. ಕೊಟ್ಟರೆ ಡ್ರೈವ್ ಅದನ್ನು ತಾನೇ ಜಿಪ್ ಮಾಡಿ 2 ಜಿಬಿ ತುಂಡು ತುಂಡಾಗಿ ಇಳಿಸತ್ತೆ. ಯಾವ ಫೈಲ್ ಯಾವ ಜಿಪ್‌ನಲ್ಲಿ ಹೋಯಿತು ಅಂತ ಹುಡುಕೋದೇ ಒಂದು ಕೆಲಸ.

ಸ್ಟುಡಿಯೋಅಣ್ಣ
ದಾವಣಗೆರೆಯಲ್ಲಿ ಮದುವೆ ಶೂಟಿಂಗ್ ಮಾಡ್ತೀನಿ. ಇಷ್ಟೆಲ್ಲಾ ಯಾಕೆ ಸರ್? ಹಾರ್ಡ್ ಡಿಸ್ಕಿಗೆ ಹಾಕಿ ಬಸ್ಸಿಗೆ ಕೊಡಿ. ಶಿರಸಿಯಿಂದ ರಾತ್ರಿ ಹೊರಟ ಬಸ್ಸು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿರತ್ತೆ. ನಾವೆಲ್ಲ ಹಾಗೇ ಮಾಡೋದು. ಸೀಸನ್‌ನಲ್ಲಿ ಒಂದು ಮದುವೆಗೆ ಅರ್ಧ ಟಿಬಿ ಆಗತ್ತೆ, ಅಪ್‌ಲೋಡ್ ಮಾಡ್ತಾ ಕೂತರೆ ಮಗು ನಾಮಕರಣಕ್ಕೆ ಮದುವೆ ವಿಡಿಯೋ ಸಿಗತ್ತೆ.

ಘಟ್ಟದಮೇಲಿನವ
ಇಂಟರ್ನೆಟ್‌ನಲ್ಲಿ ಕಳಿಸೋದು ಹೇಗೆ ಅಂತ ಕೇಳಿದ್ರೆ ಬಸ್ಸು ತೋರಿಸ್ತೀರಲ್ಲ ಮಾರಾಯ್ರೇ!

ಆಕಾಶನೋಡುವವಳು
ನಗಬೇಡಿ, ಸ್ಟುಡಿಯೋ ಅಣ್ಣ ಹೇಳಿದ್ದನ್ನೇ ಖಗೋಳ ವಿಜ್ಞಾನಿಗಳೂ ಮಾಡಿದ್ದಾರೆ. 2019ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಕಿತ್ತಳೆ ಬಣ್ಣದ ಉಂಗುರದ ಹಾಗೆ? ಅದಕ್ಕೆ 2017ರ ಏಪ್ರಿಲ್‌ನಲ್ಲಿ ಎಂಟು ದೂರದರ್ಶಕಗಳು ಒಟ್ಟಿಗೆ ನೋಡಿದ್ದವು. ಹವಾಯಿ, ಚಿಲಿ, ಮೆಕ್ಸಿಕೊ, ಅರಿಜೋನಾ, ಸ್ಪೇನ್, ಕೊನೆಗೆ ದಕ್ಷಿಣ ಧ್ರುವ. ಸೇರಿದ ಮಾಹಿತಿ ಸುಮಾರು 5 ಪೆಟಾಬೈಟ್. ಅಂದ್ರೆ 5,000 ಟಿಬಿ. ಒಂದು ಗಿಗಾಬಿಟ್ ಲೈನಿನಲ್ಲಿ ಒಂದೇ ಸಮ ಕಳಿಸಿದ್ರೂ 460 ದಿನ ದಾಟತ್ತೆ, ಬೇಕಾದ್ರೆ ಲೆಕ್ಕ ಹಾಕಿ. ಅವರು ಹಾರ್ಡ್ ಡಿಸ್ಕ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ತಂದರು. ಅರ್ಧ ಟನ್ ಡಿಸ್ಕ್! ಅಮೆರಿಕದ ಹೇಸ್ಟ್ಯಾಕ್ ವೀಕ್ಷಣಾಲಯ, ಜರ್ಮನಿಯ ಬಾನ್ ಎರಡು ಕಡೆ ಜೋಡಿಸೋ ಕೆಲಸ ನಡೀತು.

ದಕ್ಷಿಣ ಧ್ರುವದ ಡಿಸ್ಕುಗಳ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಚಳಿಗಾಲದಲ್ಲಿ ವಿಮಾನ ಇಳಿಯಲ್ಲ. ಏಪ್ರಿಲ್‌ನಲ್ಲಿ ರೆಕಾರ್ಡ್ ಮಾಡಿದ್ದು ಕೈಗೆ ಸಿಕ್ಕಿದ್ದು ವರ್ಷದ ಕೊನೆಯಲ್ಲಿ. ಅಲ್ಲಿವರೆಗೆ ಎಲ್ಲರೂ ಕಾದರು.

ದಕ್ಷಿಣ ಆಫ್ರಿಕಾದ ಪಾರಿವಾಳವೂ ಇದೆ. 2009ರ ಸೆಪ್ಟೆಂಬರ್. ಹೆಸರು ವಿನ್‌ಸ್ಟನ್. ಕಾಲಿಗೆ 4 ಜಿಬಿ ಮೆಮೊರಿ ಕಾರ್ಡ್ ಕಟ್ಟಿ ಡರ್ಬನ್ ಕಡೆ ಬಿಟ್ಟರು, ಸುಮಾರು 80 ಕಿ.ಮೀ. ಹಾರಿದ್ದು ಒಂದು ಗಂಟೆ ಚಿಲ್ಲರೆ. ಕಾರ್ಡಿನಿಂದ ಕಂಪ್ಯೂಟರಿಗೆ ಹಾಕಿಕೊಂಡ ಸಮಯವೂ ಸೇರಿ ಎರಡು ಗಂಟೆ ಏಳು ನಿಮಿಷದ ಒಳಗೆ ಕೆಲಸ ಮುಗೀತು. ಅಷ್ಟರಲ್ಲಿ ಬ್ರಾಡ್‌ಬ್ಯಾಂಡ್ ಲೈನ್ ಕಳಿಸಿದ್ದು ಬರೀ 4 ಪರ್ಸೆಂಟ್.

ಹಳೇಸರ್ವರ್
ಬಸ್ಸಿನ ಲೆಕ್ಕವನ್ನೂ ಹಾಕಿಬಿಡೋಣ. 270 ಜಿಬಿ, ಮನೆಯಿಂದ ಎಡಿಟರ್ ಮೇಜಿಗೆ 10 ತಾಸು ಅಂತ ಹಿಡೀರಿ. ಸೆಕೆಂಡಿಗೆ 60 ಮೆಗಾಬಿಟ್ ಆಯಿತು. ನಿಮ್ಮ ಫೈಬರಿನ ಮೂರರಷ್ಟು. ಅದೇ ಬಸ್ಸಲ್ಲಿ 2 ಟಿಬಿ ಡಿಸ್ಕ್ ಕಳಿಸಿದರೆ 440ಕ್ಕೂ ಜಾಸ್ತಿ. ಡಿಸ್ಕ್ ತುಂಬಿದಷ್ಟೂ ಬಸ್ಸು ವೇಗ!

ಆದ್ರೆ ಎರಡು ಕಡೆ ನಕಲು ಮಾಡೋ ಹೊತ್ತನ್ನೂ ಸೇರಿಸಬೇಕು. ಸಾಮಾನ್ಯ ಪೋರ್ಟಬಲ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆದರೆ 270 ಜಿಬಿಗೆ ಮುಕ್ಕಾಲು ತಾಸು. ಹಳೇ ಯುಎಸ್‌ಬಿ 2.0 ಪೋರ್ಟಿಗೆ ಹಾಕಿದ್ರೆ ಎರಡು ತಾಸಿನ ಮೇಲೆ. ನೀಲಿ ಬಣ್ಣದ ಪೋರ್ಟ್ ಹುಡುಕಿ ಹಾಕಿ.

ಅಂದ ಹಾಗೆ ಇದನ್ನು ಹೇಳದೆ ಇರೋಕಾಗಲ್ಲ. ನೆಟ್‌ವರ್ಕ್ ಮೇಲೆ ಫೈಲ್ ಕಳಿಸೋಕೆ ಒಂದು ಕ್ರಮ ಬೇಕು ಅಂತ ಎಫ್‌ಟಿಪಿ ನಿಯಮವನ್ನು ಮೊದಲು ಬರೆದಿಟ್ಟದ್ದು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ಬ್ಯಾಚಿನವರು. 1971ರ ಏಪ್ರಿಲ್‌ನಲ್ಲಿ, ಎಂಐಟಿಯಲ್ಲಿ ಇದ್ದಾಗ. ಈಮೇಲ್ ಇನ್ನೂ ಕಣ್ಣು ಬಿಡ್ತಿದ್ದ ಕಾಲ.

ಕಟ್‌ರೂಮ್‌ಅಕ್ಕ
ನಾನು ಎಡಿಟಿಂಗ್ ಮಾಡೋಳು. ಇಷ್ಟು ಹೊತ್ತು ಎಲ್ಲರೂ 270 ಜಿಬಿ ಹೇಗೆ ಕಳಿಸೋದು ಅಂತಲೇ ಜಗಳ ಆಡ್ತಿದ್ದೀರಿ. ಎಡಿಟರಿಗೆ ಈಗಲೇ 270 ಜಿಬಿ ಬೇಕಾ ಅಂತ ಯಾರೂ ಕೇಳಲಿಲ್ಲ!

ನಾವು ಕೆಲಸ ಶುರು ಮಾಡೋದು ಪ್ರಾಕ್ಸಿಯಲ್ಲಿ. ಅಂದ್ರೆ ಅದೇ ವಿಡಿಯೋದ ಸಣ್ಣ ನಕಲು, 720ಪಿ ಸಾಕು. ನಿಮ್ಮ 4ಕೆ ಫೈಲು ಸೆಕೆಂಡಿಗೆ 100 ಮೆಗಾಬಿಟ್ ಇರಬೇಕು, ಒಂದು ತಾಸಿಗೆ 45 ಜಿಬಿ. ಎರಡು ಕ್ಯಾಮೆರಾ, ಮೂರು ತಾಸು, ಸರಿಯಾಗಿ 270. ಪ್ರಾಕ್ಸಿಯನ್ನು 5 ಮೆಗಾಬಿಟ್‌ಗೆ ಇಳಿಸಿದ್ರೆ ಎಲ್ಲಾ ಸೇರಿ 13.5 ಜಿಬಿ. ನಿಮ್ಮ 20ರ ಲೈನಿನಲ್ಲಿ ಒಂದೂವರೆ ತಾಸು.

ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿಯಲ್ಲೇ ಪ್ರಾಕ್ಸಿ ಮಾಡಬಹುದು. ರಾತ್ರಿ ಹಾಕಿ ಮಲಗಿ. ಎಡಿಟರ್ ಪ್ರಾಕ್ಸಿ ಇಟ್ಟುಕೊಂಡು ಕತ್ತರಿಸೋಕೆ ಶುರು ಮಾಡ್ತಾರೆ. ಎರಡು ಕ್ಯಾಮೆರಾ ಹೊಂದಿಸೋದು, ಭಾಗವತರ ಪದ್ಯಕ್ಕೆ ಯಾವ ಆ್ಯಂಗಲ್, ವೇಷ ರಂಗಕ್ಕೆ ಬರುವಾಗ ಯಾವುದು, ಎಲ್ಲ ಅದರಲ್ಲೇ ಆಗತ್ತೆ. ಅಷ್ಟರಲ್ಲಿ ಮೂಲ ಫೈಲು ಬಸ್ಸಲ್ಲಾದ್ರೂ ಬರಲಿ, ನಡೆದುಕೊಂಡಾದ್ರೂ ಬರಲಿ. ಬಂದ ಮೇಲೆ ಸಾಫ್ಟ್‌ವೇರ್ ಪ್ರಾಕ್ಸಿ ತೆಗೆದು ಮೂಲವನ್ನು ಜೋಡಿಸಿಕೊಳ್ಳತ್ತೆ.

ಒಂದೇ ಷರತ್ತು. ಫೈಲಿನ ಹೆಸರು ಬದಲಿಸಬೇಡಿ. ಕ್ಯಾಮೆರಾ ಕೊಟ್ಟ ಹೆಸರು ಎಷ್ಟೇ ಕೆಟ್ಟದಾಗಿರಲಿ, ಹಾಗೇ ಇರಲಿ. "ಆಟ ಭಾಗ 1 ಫೈನಲ್" ಅಂತ ಪ್ರೀತಿಯಿಂದ ಹೆಸರಿಟ್ಟು ಕಳಿಸೋರು ಇದ್ದಾರೆ. ಆಮೇಲೆ ಯಾವ ಪ್ರಾಕ್ಸಿಗೆ ಯಾವ ಮೂಲ ಅಂತ ನಾನು ಕಣ್ಣಲ್ಲಿ ನೋಡಿ ಹೊಂದಿಸಬೇಕು. ಎರಡು ಕ್ಯಾಮೆರಾದಲ್ಲೂ ಒಂದೇ ಹೆಸರಿನ ಫೈಲ್ ಬಂದಿದ್ರೆ ಕ್ಯಾಮೆರಾಗೊಂದು ಫೋಲ್ಡರ್ ಮಾಡಿ. ಫೈಲ್ ಮುಟ್ಟಬೇಡಿ.

ಸ್ಟುಡಿಯೋಅಣ್ಣ
ಅಕ್ಕ ಹೇಳಿದ್ದು ಸರಿ. ನಮ್ಮಲ್ಲಿ ಪ್ರಾಕ್ಸಿ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ ಅಷ್ಟೇ.

ಘಟ್ಟದಮೇಲಿನವ
ಇದು ಗೊತ್ತೇ ಇರಲಿಲ್ಲ. 13.5 ಜಿಬಿ ಆದ್ರೆ ಯಾವ ದಾರಿ? ಈಗಲಾದ್ರೂ ಸೈಟ್ ಹೆಸರು ಹೇಳ್ತೀರಾ?

ಪುಕ್ಕಟೆಪ್ರಿಯ
ಹೊಸ ಜಿಮೇಲ್ ಖಾತೆ, 15 ಜಿಬಿ, ಮುಗೀತು. ಈಗ ನನ್ನ ಮಾತಿಗೆ ಬೆಲೆ ಬಂತಲ್ವಾ?

ಹಳೇಸರ್ವರ್
ಬಂತು ಮಾರಾಯ, ಈ ಸಲ ಬಂತು.

ಆದ್ರೆ ನಾನಾಗಿದ್ರೆ ನಡುವೆ ಯಾರ ಸರ್ವರಿನಲ್ಲೂ ಇಡದೆ ನೇರ ಕಳಿಸ್ತಿದ್ದೆ. ಇಲ್ಲಿ ಎರಡು ದಾರಿ ಇದೆ.

ಒಮ್ಮೆ ಕಳಿಸಿ ಮುಗಿಸೋದಾದ್ರೆ ಕ್ರಾಕ್. ಕಮಾಂಡ್ ವಿಂಡೋದಲ್ಲಿ ಓಡೋ ಸಣ್ಣ ಪ್ರೋಗ್ರಾಂ. ಕಳಿಸೋರ ಕಡೆ ಒಂದು ಗುಟ್ಟಿನ ಕೋಡ್ ತೋರಿಸತ್ತೆ. ಫೋನ್ ಮಾಡಿ ಹೇಳಿ, ಆ ಕಡೆಯವರು ಅದನ್ನೇ ಟೈಪ್ ಮಾಡಿದ್ರೆ ಫೈಲ್ ಹೊರಡತ್ತೆ. ನಡುವೆ ಕಡಿದ್ರೆ ಮತ್ತೆ ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯತ್ತೆ. ಇದೇ ಜಾತಿಯ ಮ್ಯಾಜಿಕ್ ವರ್ಮ್‌ಹೋಲ್ ಕೂಡ ಇದೆ. ಹಳೇದು, ಒಳ್ಳೇದು, ಆದ್ರೆ ನಿಂತಲ್ಲಿಂದ ಮುಂದುವರಿಯೋ ಗುಣ ಇಲ್ಲ. ನಿಮ್ಮೂರಿನ ಕರೆಂಟಿಗೆ ಅದು ಬೇಡ.

ಮತ್ತೆ ಮತ್ತೆ ಕಳಿಸೋದಿದ್ದರೆ ಸಿಂಕ್‌ಥಿಂಗ್. ನಿಮ್ಮಲ್ಲೊಂದು ಫೋಲ್ಡರ್, ಎಡಿಟರ್ ಹತ್ತಿರ ಒಂದು. ಇಲ್ಲಿ ಫೈಲ್ ಹಾಕಿದ್ರೆ ತಾನಾಗಿ ಅಲ್ಲಿಗೆ ಹೋಗತ್ತೆ. ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡನ್ನೂ ಪರೀಕ್ಷೆ ಮಾಡಿಯೇ ಸ್ವೀಕರಿಸತ್ತೆ. ಕರೆಂಟ್ ಹೋಗಿ ಬಂದ್ರೆ ಬಾಕಿ ತುಂಡು ಮಾತ್ರ ಕಳಿಸತ್ತೆ. ಖಾತೆ ಇಲ್ಲ, ಮಿತಿ ಇಲ್ಲ, ದುಡ್ಡಿಲ್ಲ. ಎರಡೂ ಕಂಪ್ಯೂಟರ್ ಒಂದೇ ಹೊತ್ತಿಗೆ ಆನ್ ಇರಬೇಕು ಅನ್ನೋದೊಂದೇ ತೊಡಕು.

ಇನ್ನೊಂದು ತೊಡಕೂ ಇದೆ, ಅದು ನಮ್ಮ ಕಡೆಯದ್ದು. ಇಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್‌ನವರು ನೂರಾರು ಮನೆಗಳಿಗೆ ಹೊರಗೆ ಕಾಣೋ ಒಂದೇ ವಿಳಾಸ ಕೊಟ್ಟಿರ್ತಾರೆ. ಹೊರಗಿಂದ ನೇರವಾಗಿ ನಿಮ್ಮ ಕಂಪ್ಯೂಟರ್ ಹುಡುಕೋಕಾಗಲ್ಲ. ಎರಡೂ ಕಡೆಯಿಂದ ಒಟ್ಟಿಗೆ ತಟ್ಟಿ ದಾರಿ ಮಾಡಿಕೊಳ್ಳೋಕೆ ಇವು ನೋಡ್ತವೆ. ಆಗದಿದ್ರೆ ಯಾರೋ ಪುಣ್ಯಾತ್ಮರು ನಡೆಸೋ ರಿಲೇ ಸರ್ವರ್ ಮೂಲಕ ಹೋಗತ್ತೆ. ಆಗ ಸ್ಪೀಡ್ ಪಾತಾಳ. ಸಿಂಕ್‌ಥಿಂಗ್ ಪರದೆಯಲ್ಲಿ "ರಿಲೇ" ಅಂತ ಕಂಡ್ರೆ ಕಾರಣ ಇದೇ ಅಂತ ತಿಳೀರಿ. ಇಬ್ಬರ ರೂಟರಿನಲ್ಲೂ ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ಆನ್ ಮಾಡಿ ನೋಡಬಹುದು. ಎರಡೂ ಕಡೆ ಇದ್ದರೆ ಎಷ್ಟೋ ಸಲ ನೇರ ದಾರಿ ಸಿಗತ್ತೆ.

ಮತ್ತೆ, ಅಪ್‌ಲೋಡ್ ಮಿತಿಯನ್ನು 20ಕ್ಕೆ 16 ಅಂತ ಇಡಿ. ಪೂರ್ತಿ ತುಂಬಿಸಿದ್ರೆ ಮನೆಯಲ್ಲಿ ಯಾರಿಗೂ ವಾಟ್ಸ್ಆ್ಯಪ್ ಕಾಲ್ ಸರಿ ಬರಲ್ಲ, ನಿಮಗೆ ಊಟ ಸರಿ ಸಿಗಲ್ಲ.

ಘಟ್ಟದಮೇಲಿನವ
ಊಟದ ವಿಷಯ ಚೆನ್ನಾಗಿ ಅರ್ಥ ಆಯಿತು.

ನೀಲಿಶಾಯಿ
ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನನ್ನದು ಸಣ್ಣ ಪ್ರಶ್ನೆ. ಮನೆಯ ಹಳೇ ಪತ್ರ, ಆಸ್ತಿ ಕಾಗದ ಎಲ್ಲ ಸ್ಕ್ಯಾನ್ ಮಾಡಿ 6 ಜಿಬಿ ಆಗಿದೆ. ಪುಣೆಯಲ್ಲಿರೋ ತಮ್ಮನಿಗೆ ಕಳಿಸಬೇಕು. ಲಿಂಕ್ ಸಿಕ್ಕಿದವರೆಲ್ಲ ನೋಡಿಬಿಡ್ತಾರಾ?

ಹಳೇಸರ್ವರ್
"ಲಿಂಕ್ ಇರೋ ಯಾರಾದ್ರೂ" ಅಂತ ಕೊಟ್ಟಿದ್ರೆ ಹೌದು, ನೋಡ್ತಾರೆ. ನಿಮಗೆ ಮೊದಲು 7-ಜಿಪ್ ಬೇಕು. ಪಾಸ್‌ವರ್ಡ್ ಹಾಕಿ, ಎಇಎಸ್-256 ಅನ್ನೋ ಗುಪ್ತಲಿಪಿ ವಿಧಾನ ಆರಿಸಿ, ಫೈಲಿನ ಹೆಸರೂ ಮುಚ್ಚೋ ಆಯ್ಕೆ 7ಝಡ್ ಮಾದರಿಯಲ್ಲಿದೆ, ಅದಕ್ಕೂ ಟಿಕ್ ಹಾಕಿ. ಆಮೇಲೆ ಯಾವ ದಾರಿಯಲ್ಲಿ ಕಳಿಸಿದ್ರೂ ಚಿಂತೆ ಇಲ್ಲ. ಪಾಸ್‌ವರ್ಡನ್ನು ಲಿಂಕ್ ಕಳಿಸಿದ ಅದೇ ಮೆಸೇಜಿನಲ್ಲಿ ಬರೆಯಬೇಡಿ. ಫೋನ್ ಮಾಡಿ ಹೇಳಿ. ತಮ್ಮ ಹತ್ತಿರ ಮಾತಾಡಿದ ಹಾಗೂ ಆಗತ್ತೆ.

2 ಜಿಬಿ ಒಳಗಿನ ತುಂಡು ಮಾಡಿದ್ರೆ ವಾಟ್ಸ್ಆ್ಯಪ್‌ನಲ್ಲೂ ಹೋಗತ್ತೆ, 2022ರಿಂದ ಡಾಕ್ಯುಮೆಂಟಿಗೆ ಅಷ್ಟು ಬಿಟ್ಟಿದ್ದಾರೆ. ಗ್ಯಾಲರಿಯಿಂದ ಹಾಕಿದ್ರೆ ವಿಡಿಯೋ, ಫೋಟೋ ಎಲ್ಲ ಹಿಂಡಿ ಮಸುಕು ಮಾಡತ್ತೆ. ಡಾಕ್ಯುಮೆಂಟ್ ಅಂತಲೇ ಕಳಿಸಬೇಕು.

ಕಟ್‌ರೂಮ್‌ಅಕ್ಕ
ಆ ಕೊನೇ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಎಲ್ಲ ಫ್ಯಾಮಿಲಿ ಗ್ರೂಪಿನಲ್ಲೂ ಹಾಕಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೋ ಕೊಟ್ಟು "ಸ್ವಲ್ಪ ಕ್ಲಿಯರ್ ಮಾಡಿ ಮೇಡಂ" ಅಂತಾರೆ.

ಟುಲಿಪ್‌ಕನ್ನಡಿಗ
ಹಳೇಸರ್ವರ್ ಅವರೇ, ಇಲ್ಲೂ ಗಿಗಾಬಿಟ್, ಬೆಂಗಳೂರಿನ ಆಫೀಸಲ್ಲೂ ಗಿಗಾಬಿಟ್. ಆದ್ರೂ ಒಂದೇ ಫೈಲ್ ಕಳಿಸಿದ್ರೆ ಅರ್ಧ ಸ್ಪೀಡೂ ಬರಲ್ಲ. ಯಾಕೆ?

ಹಳೇಸರ್ವರ್
ದೂರ. ಇಂಟರ್ನೆಟ್‌ನಲ್ಲಿ ಫೈಲ್ ಸಾಗಿಸೋ ಮಾಮೂಲಿ ಕ್ರಮ ಟಿಸಿಪಿ. ಅದರಲ್ಲಿ ಒಂದಷ್ಟು ಕಳಿಸಿ, "ತಲುಪಿತು" ಅನ್ನೋ ಉತ್ತರಕ್ಕೆ ಕಾಯಬೇಕು. ಉತ್ತರ ಬರದೆ ಎಷ್ಟು ಕಳಿಸಬಹುದು ಅನ್ನೋದಕ್ಕೆ ಮಿತಿ ಇದೆ. ಹಳೇ ಕಾಲದ 64 ಕೆಬಿ ಮಿತಿಯನ್ನೇ ತಗೊಳ್ಳಿ. ಹೋಗಿ ಬರೋಕೆ 200 ಮಿಲಿಸೆಕೆಂಡ್ ಆದ್ರೆ ಸೆಕೆಂಡಿಗೆ ಐದೇ ಸಲ 64 ಕೆಬಿ. ಎರಡೂವರೆ ಮೆಗಾಬಿಟ್ ಆಸುಪಾಸು! ಲೈನ್ ಗಿಗಾಬಿಟ್ ಇದ್ದರೂ ಅಷ್ಟೇ. ಈಗಿನ ಕಂಪ್ಯೂಟರುಗಳು ಈ ಮಿತಿಯನ್ನು ತಾವೇ ಹಿಗ್ಗಿಸ್ತವೆ, ಅಷ್ಟು ಕೆಟ್ಟದಾಗಲ್ಲ. ಆದ್ರೂ ನಡುವೆ ಒಂದೆರಡು ಪ್ಯಾಕೆಟ್ ಕಳೆದರೆ ಟಿಸಿಪಿ ಹೆದರಿ ವೇಗ ಇಳಿಸತ್ತೆ. ದೂರ ಜಾಸ್ತಿ ಆದಷ್ಟೂ ಮತ್ತೆ ಏರೋಕೆ ಹೊತ್ತು ಬೇಕು.

ಅದಕ್ಕೇ ಒಂದೇ ಹೊತ್ತಿಗೆ ಹಲವು ಎಳೆಗಳಲ್ಲಿ ಕಳಿಸೋ ಸಾಧನ ಬಳಸಿ. ಆರ್‌ಕ್ಲೋನ್‌ನಲ್ಲಿ ಆಗತ್ತೆ. ದೊಡ್ಡ ಸಿನಿಮಾ ಸ್ಟುಡಿಯೋಗಳು ಇದಕ್ಕೆ ಆಸ್ಪೆರಾ ಅನ್ನೋದನ್ನು ದುಡ್ಡು ಕೊಟ್ಟು ತಗೊಳ್ತಾರೆ. ಅದು ಟಿಸಿಪಿ ಬಿಟ್ಟು, ಉತ್ತರಕ್ಕೆ ಕಾಯದ ಯುಡಿಪಿ ಮೇಲೆ ತನ್ನದೇ ಕ್ರಮದಲ್ಲಿ ಕಳಿಸತ್ತೆ. 2014ರಲ್ಲಿ ಐಬಿಎಂ ಅದನ್ನು ಕೊಂಡಿತು. ಮನೆ ಮಟ್ಟಿಗೆ ಬೇಕಿಲ್ಲ.

ಸ್ಟುಡಿಯೋಅಣ್ಣ
ನಾನು ಬಸ್ಸಿಗೇ ವಾಪಸ್ ಬರ್ತೀನಿ, ಯಾಕಂದ್ರೆ ಮೂಲ ಫೈಲಿಗೆ ಕೊನೆಗೂ ಡಿಸ್ಕೇ ಗತಿ. ಕಳಿಸೋ ರೀತಿ ಹೇಳ್ತೀನಿ.

ಆದಷ್ಟು ಎಸ್‌ಎಸ್‌ಡಿ ತಗೊಳ್ಳಿ. ಒಳಗೆ ತಿರುಗೋ ತಟ್ಟೆ ಇಲ್ಲ, ಬಿದ್ದರೂ ಅಷ್ಟು ಭಯವಿಲ್ಲ. ತಟ್ಟೆಯ ಡಿಸ್ಕೇ ಆದ್ರೆ ಬಬಲ್ ರ‍್ಯಾಪ್ ಸುತ್ತಿ, ಅದರ ಮೇಲೆ ಹಳೇ ಟವೆಲ್, ಆಮೇಲೆ ಗಟ್ಟಿ ರಟ್ಟಿನ ಡಬ್ಬ. ಅಲುಗಾಡಿಸಿದ್ರೆ ಒಳಗೆ ಸದ್ದು ಬರಬಾರದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಎರಡು. ಕೇಬಲ್ಲನ್ನೂ ಒಳಗೇ ಇಡಿ. ಡಿಸ್ಕ್ ಬಂತು, ಕೇಬಲ್ ಇಲ್ಲ ಅಂತ ಅರ್ಧ ದಿನ ಹಾಳಾಗೋದು ಬೇಡ. ಡಬ್ಬದ ಮೇಲೆ "ಹಾರ್ಡ್ ಡಿಸ್ಕ್" ಅಂತ ಬರೆಯಬೇಡಿ. ಒಂದು ಕೊರಿಯರ್‌ನಲ್ಲಿ ನನ್ನ ಡಬ್ಬ ಬಂತು, ಒಳಗಿನ ಡಿಸ್ಕ್ ಬರಲಿಲ್ಲ.

ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಇರಲಿ. ಎಡಿಟರ್ ಮ್ಯಾಕ್ ಇಟ್ಟುಕೊಂಡಿದ್ರೂ ಓದತ್ತೆ, ಬರೆಯತ್ತೆ. ಹಳೇ ಪೆನ್‌ಡ್ರೈವ್‌ಗಳಲ್ಲಿ ಫ್ಯಾಟ್32 ಇರತ್ತೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರಲ್ಲ. "ಜಾಗ ಇದೆ, ಆದ್ರೂ ಕಾಪಿ ಆಗ್ತಿಲ್ಲ" ಅಂದ್ರೆ ಅದೇ.

ಎಡಿಟರ್ "ಎಲ್ಲ ಸರಿ ಇದೆ" ಅಂತ ಹೇಳೋ ತನಕ ಮೆಮೊರಿ ಕಾರ್ಡ್ ಅಳಿಸಲೇಬೇಡಿ. ಮರುದಿನ ಇನ್ನೊಂದು ಆಟ ಇದೆ ಅಂದ್ರೂ ಅಳಿಸಬೇಡಿ, ಇನ್ನೊಂದು ಕಾರ್ಡ್ ತಗೊಳ್ಳಿ.

ಹಳೇಸರ್ವರ್
"ಎಲ್ಲ ಸರಿ ಇದೆ" ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಮೂರು ತಾಸಿನ ವಿಡಿಯೋದ ಮೊದಲ ನಿಮಿಷ ಓಡಿದ ಮಾತ್ರಕ್ಕೆ ಎರಡನೇ ತಾಸು ಸರಿ ಇದೆ ಅಂತ ಅಲ್ಲ. ಹ್ಯಾಷ್ ತೆಗೀರಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಷ್ ಅನ್ನೋ ಕಮಾಂಡ್ ಕೊಟ್ಟು ಫೈಲ್ ತೋರಿಸಿದ್ರೆ 64 ಅಕ್ಷರದ ಒಂದು ಸಾಲು ಬರತ್ತೆ. ಎಸ್‌ಎಚ್‌ಎ-256 ಅದರ ಹೆಸರು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದ್ರೂ ಇಡೀ ಸಾಲು ಬೇರೆ ಆಗತ್ತೆ. ಎಲ್ಲಾ ಫೈಲಿನ ಸಾಲನ್ನೂ ಒಂದು ಟೆಕ್ಸ್ಟ್ ಫೈಲಿನಲ್ಲಿ ಹಾಕಿ ಎಡಿಟರಿಗೆ ಮೇಲ್ ಮಾಡಿ. ಅವರ ಕಡೆಯ ಸಾಲು ಅದಕ್ಕೆ ಹೊಂದಬೇಕು. ಕಾರ್ಡಿನಲ್ಲಿರೋ ಮೂಲದಿಂದಲೇ ಹ್ಯಾಷ್ ತೆಗೀರಿ, ಡಿಸ್ಕಿಗೆ ಹಾಕಿದ ನಕಲಿನಿಂದ ಅಲ್ಲ. ನಕಲು ಮಾಡುವಾಗಲೇ ಕೆಟ್ಟಿದ್ರೆ ಗೊತ್ತಾಗಬೇಕಲ್ಲ.

ಪುಕ್ಕಟೆಪ್ರಿಯ
ಇಷ್ಟು ಮಾಡೋ ಬದಲು ಎಡಿಟರನ್ನೇ ಸಿದ್ದಾಪುರಕ್ಕೆ ಕರೆಸಿ. ಜೋಗವೂ ಹತ್ತಿರ.

ಘಟ್ಟದಮೇಲಿನವ
ಎಲ್ಲರಿಗೂ ಕೆಲಸದ ವರದಿ ಒಪ್ಪಿಸ್ತೀನಿ. ಪ್ರಾಕ್ಸಿ ರಾತ್ರಿ ಹಾಕಿದ್ದೆ, ಬೆಳಿಗ್ಗೆ ತಯಾರಿತ್ತು. ಎಡಿಟರಿಗೆ ಮೊದಲೇ ಪ್ರಾಕ್ಸಿ ವಿಷಯ ಹೇಳಿದ್ರೆ, "ನಾನೇ ಕೇಳಬೇಕು ಅಂತಿದ್ದೆ" ಅಂದರು. ಸಿಂಕ್‌ಥಿಂಗ್ ಹಾಕಿಕೊಂಡೆವು. ಮೊದಲು ರಿಲೇ ಅಂತಲೇ ತೋರಿಸ್ತಿತ್ತು, ಆಮೆ ನಡಿಗೆ. ಎರಡೂ ಕಡೆ ಐಪಿವಿ6 ಆನ್ ಮಾಡಿದ ಮೇಲೆ ನೇರ ದಾರಿ ಸಿಕ್ಕಿತು. ನಡುವೆ ಕರೆಂಟ್ ಹೋಯಿತು, ಬಂದ ಮೇಲೆ ತಾನಾಗಿ ಮುಂದುವರಿಯಿತು. ಲ್ಯಾಪ್‌ಟಾಪ್ ಮಲಗದ ಹಾಗೆ ಸೆಟ್ಟಿಂಗ್ ಬದಲಿಸಿ ಅಂತ ಎಡಿಟರ್ ಹೇಳಿಕೊಟ್ಟರು. ಮುಚ್ಚಳ ಮುಚ್ಚಿದ್ರೆ ಅಪ್‌ಲೋಡೂ ಮಲಗತ್ತೆ.

ಮೂಲ ಫೈಲು ಬಸ್ಸಲ್ಲಿ ಹೋಯಿತು. ಹ್ಯಾಷ್ ಪಟ್ಟಿ ಮೇಲ್ ಮಾಡಿದ್ದೆ. ಎಲ್ಲ ಹೊಂದಿತು, ಒಂದು ಫೈಲ್ ಬಿಟ್ಟು. 11 ಜಿಬಿಯದ್ದು. ಕಾರ್ಡಿನಿಂದ ಮತ್ತೆ ತೆಗೆದು ಅದೇ ಸಿಂಕ್‌ಥಿಂಗ್ ಫೋಲ್ಡರಿಗೆ ಹಾಕಿದೆ. ಹೋಗ್ತಾ ಇದೆ ಈಗ.

ಕಟ್‌ರೂಮ್‌ಅಕ್ಕ
ಹ್ಯಾಷ್ ನೋಡದೆ ಇದ್ದಿದ್ರೆ ಆ ಫೈಲು ರೆಂಡರ್ ಮಾಡುವಾಗ ಕೈ ಕೊಡ್ತಿತ್ತು. ಆಗ ಕಾರ್ಡ್ ಖಾಲಿ ಆಗಿರ್ತಿತ್ತು.

ಘಟ್ಟದಮೇಲಿನವ
ಕೊನೇ ಪ್ರಶ್ನೆ. ಎಡಿಟ್ ಮುಗಿದ ಮೇಲೆ ಅವರು ನನಗೆ ಪೂರ್ತಿ ಆಟ ವಾಪಸ್ ಕಳಿಸಬೇಕು, ನಾನು ಯೂಟ್ಯೂಬಿಗೆ ಹಾಕಬೇಕು. ಅದು 50 ಜಿಬಿ ಮೇಲೆ ಆಗಬಹುದು ಅಂದರು. ಮತ್ತೆ ಬಸ್ಸಾ?

ಕಟ್‌ರೂಮ್‌ಅಕ್ಕ
ಬೇಡ. ಬೆಂಗಳೂರಿಂದ ಸಿದ್ದಾಪುರಕ್ಕೆ ತಂದು, ಮತ್ತೆ ನಿಮ್ಮ 20ರ ಲೈನಿನಲ್ಲಿ ಯಾಕೆ ತಳ್ಳಬೇಕು? ಯೂಟ್ಯೂಬ್ ಒಂದು ವಿಡಿಯೋಗೆ 256 ಜಿಬಿ ಅಥವಾ 12 ತಾಸು ತನಕ ಬಿಡತ್ತೆ, ನಿಮ್ಮದು ಆರಾಮಾಗಿ ಹಿಡಿಸತ್ತೆ. ಎಡಿಟರೇ ಅಲ್ಲಿಂದ ಹಾಕಲಿ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಅನ್ನೋ ಕಡೆ ಅವರ ಮೇಲ್ ವಿಳಾಸ ಸೇರಿಸಿ, ಎಡಿಟರ್ ಅಂತ ಹಕ್ಕು ಕೊಡಿ. ಪಾಸ್‌ವರ್ಡ್ ಕೊಡಬೇಡಿ. ಅವರು ಪ್ರೈವೇಟ್ ಅಂತ ಹಾಕ್ತಾರೆ, ನೀವು ನೋಡಿ ಒಪ್ಪಿದ ಮೇಲೆ ಪಬ್ಲಿಕ್ ಮಾಡಿ. ಕೆಲಸ ಮುಗಿದ ಮೇಲೆ ಹಕ್ಕು ತೆಗೆದುಬಿಡಿ.

ನಿಮಗೂ ಒಂದು ಪ್ರತಿ ಬೇಕಲ್ಲ? ನಿಮ್ಮ ಡಿಸ್ಕ್ ಹೇಗೂ ಅವರ ಹತ್ತಿರ ಇದೆ. ಅದರಲ್ಲೇ ಹಾಕಿ ಬಸ್ಸಿಗೆ ಕೊಡೋಕೆ ಹೇಳಿ.